ಕೂಸು ಬೀದರದಲ್ಲಿ, ಅವ್ವನ ದನಿ ಔರಾದದಲ್ಲಿ!

ದಿನ ತುಂಬದೆ ಹುಟ್ಟಿದ ಮಗುವಿನ ಮೆದುಳು ಮಾತನ್ನು ಹೇಗೆ ಕೇಳುತ್ತದೆ?

ಬೀದರ: ಔರಾದ ತಾಲ್ಲೂಕಿನ ಯಾವುದೋ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಬಸುರಿಗೆ ಏಳು ತಿಂಗಳು ಮುಗಿದು ಎಂಟಕ್ಕೆ ಬಿದ್ದಿದೆ. ಅಪರಾತ್ರಿಯಲ್ಲಿ ಬೇನೆ ಶುರು. 108 ಗಾಡಿ ಬರುತ್ತದೆ, ತಾಲ್ಲೂಕು ದವಾಖಾನೆ ಮುಟ್ಟುತ್ತದೆ, ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುತ್ತಾರೆ. ಕೂಸನ್ನು ತೂಗಿದರೆ ಒಂದೂಕಾಲು ಕಿಲೋ. ಉಸಿರು ಎಳೆದೆಳೆದು ಬಿಡುತ್ತಿದೆ. ‘ತಡ ಮಾಡಬ್ಯಾಡ್ರಿ, ಬೀದರಕ್ಕ ಒಯ್ಯಿರಿ’ ಎನ್ನುತ್ತಾರೆ. ಅಪ್ಪ ಒಂದು ಕಡೆ, ಅಜ್ಜಿ ಒಂದು ಕಡೆ ಕುಳಿತು ಕೂಸನ್ನು ಕರೆದುಕೊಂಡು ಸಂತಪೂರ ದಾಟಿ, ಕೌಠಾ ಬಳಿ ಮಾಂಜ್ರಾ ನದಿ ದಾಟಿ ಬೀದರ ಸೇರುತ್ತಾರೆ. ಹೊಲಿಗೆ ಬಿದ್ದ ತಾಯಿ ಮಾತ್ರ ಔರಾದದ ಮಂಚದ ಮೇಲೆಯೇ ಉಳಿಯುತ್ತಾಳೆ.

ಭಾಲ್ಕಿಯ ಕತೆಯೂ ಬೇರೆ ಅಲ್ಲ. ಅಲ್ಲಿಂದಲೂ ಬೀದರಕ್ಕೆ ಹತ್ತಿರ ಹತ್ತಿರ 40 ಕಿಲೋಮೀಟರು. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದು ಒಂದು ತಾಸಿನ ಮಾತು. ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು ನಿದ್ದೆಯ ದಾರಿ. ಆದರೆ ಹೊಲಿಗೆ ಇನ್ನೂ ಹಸಿಯಿರುವ ಬಾಣಂತಿಗೆ ಅದು ದೆಹಲಿಯಷ್ಟು ದೂರ.

ಹೀಗೆ ತಾಯಿ-ಕೂಸು ಬೇರೆಯಾದಾಗ ಕೂಸು ಏನನ್ನು ಕಳೆದುಕೊಳ್ಳುತ್ತದೆ? ಹಾಲು ಎನ್ನುತ್ತಾರೆ, ಬೆಚ್ಚಗಿನ ಮೈ ಎನ್ನುತ್ತಾರೆ. ಎರಡೂ ಖರೆ. ಮೂರನೆಯದೊಂದಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅವ್ವನ ದನಿ.

‘ಅಂಗೈಯಷ್ಟಿರೋ ಕೂಸಿಗಿ ಏನ್ ತಿಳೀತದ್ರಿ, ಯಾರ ಮಾತು ಆದ್ರೇನು?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕುತ್ತಾ ವೈದ್ಯ ವಿಜ್ಞಾನಿಗಳು ನಲವತ್ತೈದು ವರ್ಷಕ್ಕೂ ಮಿಕ್ಕಿ ಕೂಸುಗಳ ತಲೆಗೆ ತಂತಿ ಅಂಟಿಸಿ, ಬೆಳಕು ಹಾಯಿಸಿ, ಚೀಪುವ ನಿಪ್ಪಲ್ಲಿಗೆ ಯಂತ್ರ ಜೋಡಿಸಿ ನೋಡುತ್ತಲೇ ಬಂದಿದ್ದಾರೆ. ಸಿಕ್ಕ ಉತ್ತರ ಅಷ್ಟು ಸರಳವಿಲ್ಲ. ಆದರೆ ‘ಏನೂ ತಿಳಿಯುವುದಿಲ್ಲ’ ಎಂಬ ಮಾತು ಮಾತ್ರ ಪೂರ್ತಿ ಸುಳ್ಳೆಂದು ತೀರ್ಮಾನವಾಗಿದೆ.

ಹೊಟ್ಟೆಯೊಳಗಿನ ಕಿವಿ

ಬಸುರು ಎಂದರೆ 40 ವಾರದ ಲೆಕ್ಕ. 37 ವಾರಕ್ಕೆ ಮುಂಚೆ ಹುಟ್ಟಿದರೆ ದಿನ ತುಂಬದ ಕೂಸು. 32ಕ್ಕೆ ಮುಂಚೆ ಬಂದರೆ ಬಹಳ ಬೇಗ, 28ಕ್ಕೆ ಮುಂಚೆ ಬಂದರೆ ವಿಪರೀತ ಬೇಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರಲ್ಲಿ ಲೋಕದಲ್ಲಿ ಹೀಗೆ ಹುಟ್ಟಿದವು ಸುಮಾರು 1 ಕೋಟಿ 34 ಲಕ್ಷ ಕೂಸು. ಅದರಲ್ಲಿ 30 ಲಕ್ಷ ನಮ್ಮ ದೇಶದವೇ. ಅಂದರೆ ಯಾವ ಓಣಿಯಲ್ಲಿ ನೋಡಿದರೂ ಇಂಥದೊಂದು ಮನೆ ಇದ್ದೇ ಇರುತ್ತದೆ.

ಇನ್ನು ಕಿವಿಯ ಮಾತು. ಆರು ತಿಂಗಳು ತುಂಬುವ ಹೊತ್ತಿಗೆ ಒಳಗಿವಿಯ ಕಟ್ಟಡ ಸಿದ್ಧವಾಗಿರುತ್ತದೆ. ಅಲ್ಲಿಂದ ಮುಂದೆ ಕೂಸು ಹೊಟ್ಟೆಯೊಳಗಿಂದಲೇ ಕೇಳಲು ತೊಡಗುತ್ತದೆ. ಕೇಳುವುದಾದರೂ ಏನು? ಅವ್ವನ ಎದೆಬಡಿತ, ಕರುಳಿನ ಗುಡುಗುಡು, ರಕ್ತ ಹರಿಯುವ ಸದ್ದು. ಇವೆಲ್ಲದರ ಮೇಲೆ ಅವ್ವನ ಮಾತು. ಹೊರಗಿನವರ ಮಾತು ಹೊಟ್ಟೆಯ ಗೋಡೆ, ನೀರು ದಾಟಿ ಬರುವಷ್ಟರಲ್ಲಿ ಮಂದವಾಗುತ್ತದೆ. ಅವ್ವನ ದನಿ ಮಾತ್ರ ಅವಳ ಮೈಯೊಳಗಿನಿಂದ, ಎಲುಬಿನ ಮೂಲಕವೂ ಇಳಿದು ಬರುತ್ತದೆ. ಅದಕ್ಕೇ ಅದು ಎಲ್ಲಕ್ಕಿಂತ ಗಟ್ಟಿ.

ಆದರೂ ಪದಗಳು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಕಿಟಕಿ ಮುಚ್ಚಿದ ಬಸ್ಸಿನೊಳಗೆ ಕುಳಿತವರಿಗೆ ಹೊರಗೆ ಕೂಗುವ ಕಂಡಕ್ಟರನ ಮಾತು ಕೇಳಿಸುವುದಿಲ್ಲವೇ, ಹಾಗೆ. ಏನು ಹೇಳಿದ ಎಂದು ತಿಳಿಯದು. ಆದರೆ ಸಿಟ್ಟಿನಲ್ಲಿದ್ದಾನೋ ನಗುತ್ತಿದ್ದಾನೋ, ಕನ್ನಡವೋ ಮರಾಠಿಯೋ ಎಂಬುದು ದನಿಯ ಏರಿಳಿತದಲ್ಲೇ ಗೊತ್ತಾಗುತ್ತದೆ. ಕೂಸು ಮೊದಲು ಕಲಿಯುವುದು ಈ ಏರಿಳಿತವನ್ನು.

1980ರಲ್ಲಿ ಅಮೆರಿಕದ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬಿಬ್ಬರು ಒಂದು ಚಮತ್ಕಾರದ ಪ್ರಯೋಗ ಮಾಡಿದರು. ಹುಟ್ಟಿ ಮೂರು ದಿನವೂ ಆಗದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟರು. ಒಂದು ಲಯದಲ್ಲಿ ಚೀಪಿದರೆ ಅವ್ವನ ದನಿ ಕೇಳುತ್ತದೆ, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೆ ಹೆಂಗಸಿನದು. ಕೂಸುಗಳು ತಮ್ಮ ಚೀಪುವ ಲಯವನ್ನೇ ಬದಲಿಸಿಕೊಂಡು ಅವ್ವನ ದನಿಯನ್ನು ಕೇಳಿ ಪಡೆದವು! 1984ರಲ್ಲಿ ಇದೇ ಪ್ರಯೋಗವನ್ನು ಅಪ್ಪನ ದನಿ ಇಟ್ಟು ಮಾಡಿದಾಗ ಕೂಸುಗಳು ಅಂಥ ಒಲವೇನೂ ತೋರಿಸಲಿಲ್ಲ. ಅಪ್ಪಂದಿರು ಬೇಸರ ಮಾಡಿಕೊಳ್ಳಬೇಕಾಗಿಲ್ಲ, ಅವರ ಸರದಿ ಮುಂದಿದೆ.

ಬೀದರ ಜಿಲ್ಲೆಯವರಿಗೆ ಇಲ್ಲೊಂದು ಸ್ವಾರಸ್ಯದ ಸಂಗತಿ. ಇಲ್ಲಿ ಒಂದೇ ಮನೆಯಲ್ಲಿ ಮೂರು ಭಾಷೆ. ತವರು ಉದಗೀರ ಕಡೆಯಾದರೆ ಮರಾಠಿ, ಗಂಡನ ಮನೆ ಕನ್ನಡ, ಗಂಜಿನ ವ್ಯಾಪಾರಕ್ಕೆ ಉರ್ದು-ಹಿಂದಿ. ತಾಂಡಾ ಆದರೆ ಲಂಬಾಣಿ. ‘ಇಷ್ಟೆಲ್ಲ ಕೇಳಿ ಕೂಸಿಗೆ ಗೊಂದಲ ಆಗೂದಿಲ್ಲೇನು?’ ಎಂಬ ಅನುಮಾನ ಹಿರಿಯರಿಗೆ. ಕೆನಡಾದ ವ್ಯಾಂಕೂವರಿನಲ್ಲಿ ಬಸುರಿದ್ದಾಗ ಇಂಗ್ಲಿಷು ಮತ್ತು ಫಿಲಿಪ್ಪೀನ್ಸಿನ ಟಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ಕೂಸುಗಳನ್ನು ಪರೀಕ್ಷಿಸಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆ ಕೂಸುಗಳು ಎರಡೂ ಭಾಷೆಯನ್ನು ಸಮನಾಗಿ ಬಯಸಿದವು, ಮತ್ತು ಎರಡೂ ಬೇರೆ ಬೇರೆ ಎಂಬುದನ್ನೂ ಗುರುತಿಸಿದವು. ಗೊಂದಲ ದೊಡ್ಡವರದು, ಕೂಸಿನದಲ್ಲ.

ಎಪ್ಪತ್ತು ದಿನದ ಬಾಕಿ

ಈಗ ನಮ್ಮ ಔರಾದದ ಕೂಸಿಗೆ ಬರೋಣ. ಅದು ಹುಟ್ಟಿದ್ದು 30 ವಾರಕ್ಕೆ. ಇನ್ನೂ 10 ವಾರ, ಅಂದರೆ 70 ದಿನ ಅದು ಹೊಟ್ಟೆಯೊಳಗಿದ್ದು ಹಗಲೂ ರಾತ್ರಿ ಅವ್ವನ ದನಿ ಕೇಳಬೇಕಾಗಿತ್ತು. ಬದಲಿಗೆ ಅದು ಕೇಳುತ್ತಿರುವುದು ಏನು? ಯಂತ್ರದ ಪೀಂ ಪೀಂ, ಆಮ್ಲಜನಕದ ಸುಂಯ್ ಸದ್ದು, ಪೆಟ್ಟಿಗೆಯ ಬಾಗಿಲು ಹಾಕಿದ ದಡಕ್, ಟ್ರೇ ಇಟ್ಟ ಖಣಖಣ. ಮೆದುಳು ಹಸಿ ಗೋಡೆಯಂತೆ ಇನ್ನೂ ಕಟ್ಟಿಕೊಳ್ಳುತ್ತಿರುವ ಹೊತ್ತಿನಲ್ಲಿ ಇಂಥ ಸದ್ದು.

ಕೂಸು ಇಡುವ ಕೋಣೆಯಲ್ಲಿ ಸದ್ದು 45 ಡೆಸಿಬೆಲ್ ಮೀರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳಿದೆ. ಅದು ಮೆಲ್ಲಗೆ ಆಡುವ ಮಾತಿಗಿಂತ ಹೆಚ್ಚಿನದಲ್ಲ. ಯಾವ ದೇಶದ ಘಟಕದಲ್ಲೂ ಇದನ್ನು ಸದಾ ಪಾಲಿಸುವುದು ಸುಲಭವಾಗಿಲ್ಲ.

ಇಷ್ಟು ಎಳೆಯ ಮೆದುಳಿಗೆ ದನಿಯ ಭೇದ ತಿಳಿಯುತ್ತದೆಯೇ? ತಿಳಿಯುತ್ತದೆ. 2013ರಲ್ಲಿ ಫ್ರಾನ್ಸಿನ ಸಂಶೋಧಕರು 28ರಿಂದ 32 ವಾರಕ್ಕೆ ಹುಟ್ಟಿದ ಕೂಸುಗಳ ತಲೆಯ ಮೇಲೆ ಮಂದ ಬೆಳಕು ಹಾಯಿಸಿ, ರಕ್ತದ ಓಟ ಎಲ್ಲಿ ಹೆಚ್ಚಾಗುತ್ತದೆಂದು ನೋಡಿದರು. ನೋವಿಲ್ಲ, ಸೂಜಿ ಇಲ್ಲ. ‘ಬ’ ಎಂಬ ಅಕ್ಷರ ಹೋಗಿ ‘ಗ’ ಬಂದಾಗ ಆ ಮೆದುಳು ಗುರುತಿಸಿತು. ಗಂಡು ದನಿ ಹೋಗಿ ಹೆಣ್ಣು ದನಿ ಬಂದಾಗಲೂ ಗುರುತಿಸಿತು. ಮೆದುಳಿನ ಪದರುಗಳೇ ಪೂರ್ತಿ ಕಟ್ಟಿಕೊಂಡಿಲ್ಲದ ವಯಸ್ಸು ಅದು!

ಹಾಗಾದರೆ ಬೇಗ ಹುಟ್ಟಿದ ಕೂಸಿಗೆ ಅವ್ವನ ದನಿಯ ನೆನಪು ಉಳಿಯುತ್ತದೆಯೇ? ಪಂಡಿತರ ನಡುವೆಯೂ ಒಂದೇ ಮಾತಿಲ್ಲದ ಜಾಗ ಇದು.

2004ರಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಕೊಟ್ಟರು. ಬಹಳ ಬೇಗ ಹುಟ್ಟಿದ ಕೂಸುಗಳು ಬೆಳೆದು 40 ವಾರದ ಲೆಕ್ಕ ಮುಟ್ಟಿದ ಮೇಲೆ, ಅವುಗಳ ತಲೆಗೆ ತಂತಿ ಅಂಟಿಸಿ ಅವ್ವನ ದನಿ ಮತ್ತು ಪರರ ದನಿ ಕೇಳಿಸಿದರು. ದಿನ ತುಂಬಿ ಹುಟ್ಟಿದ ಕೂಸುಗಳ ಮೆದುಳಿನ ಅಲೆಯಲ್ಲಿ ಕಾಣುವ ‘ಇದು ನನ್ನವ್ವ’ ಎಂಬ ಗುರುತು ಇವುಗಳಲ್ಲಿ ಅದೇ ರೀತಿ ಕಾಣಿಸಲಿಲ್ಲ. ದಾರಿ ಎಲ್ಲೋ ಬೇರೆಯಾಗಿದೆ, ನೆನಪಿನ ಕೆಲಸಕ್ಕೆ ಪೆಟ್ಟು ಬಿದ್ದಿರಬಹುದು ಎಂಬುದು ಆ ವರದಿಯ ಸಾರಾಂಶ.

ಹದಿನಾರು ವರ್ಷದ ನಂತರ, 2020ರಲ್ಲಿ, ಸ್ವಿಜರ್ಲೆಂಡಿನ ಜಿನೀವಾದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿಯವರು ದೊಡ್ಡ ಸ್ಕ್ಯಾನಿಂಗ್ ಯಂತ್ರ ಮತ್ತು ತಂತಿಯ ಟೊಪ್ಪಿಗೆ ಎರಡನ್ನೂ ಬಳಸಿ ಅದೇ ಪರೀಕ್ಷೆ ಮಾಡಿದರು. ಫಲಿತಾಂಶ ಅಚ್ಚರಿಯದು. ದಿನ ತುಂಬದೆ ಹುಟ್ಟಿ 40 ವಾರ ಮುಟ್ಟಿದ ಕೂಸುಗಳ ಮೆದುಳು ದನಿಗೆ ದಿನ ತುಂಬಿದವುಗಳಿಗಿಂತ ಹೆಚ್ಚೇ ಸ್ಪಂದಿಸಿತು! ಮೆದುಳಿನ ಹೆಚ್ಚಿನ ಭಾಗಗಳು ಕೆಲಸಕ್ಕೆ ಇಳಿದವು. ಅವ್ವನ ದನಿ ಬಂದಾಗ ಕೊಂಚ ತಡವಾಗಿ ಒಂದು ವಿಶೇಷ ಅಲೆ ಎದ್ದಿತು. ಅದು ನೆನಪಿನ ಮೊದಲ ಗುರುತು ಎಂದು ಅವರು ಬರೆದರು. ಆಗಷ್ಟೇ ಹುಟ್ಟಿದ, ದಿನ ತುಂಬಿದ ಕೂಸುಗಳಾದರೋ ಅವ್ವನಿಗಿಂತ ಪರರ ದನಿಗೇ ಹೆಚ್ಚು ಕಿವಿ ನಿಮಿರಿಸಿದವು.

ಈ ಪರೀಕ್ಷೆ ನಡೆಯುವ ರೀತಿ ಬಸ್ ನಿಲ್ದಾಣದಲ್ಲಿ ದಿನಾ ಕಾಯುವವರಿಗೆ ಗೊತ್ತಿರುವಂಥದೇ. ಧ್ವನಿವರ್ಧಕದಲ್ಲಿ ‘ಹುಮನಾಬಾದ, ಹುಮನಾಬಾದ’ ಎಂದು ಕೂಗುತ್ತಲೇ ಇದ್ದರೆ ಔರಾದದವನು ತೂಕಡಿಸುತ್ತಿರುತ್ತಾನೆ. ನಡುವೆ ಒಮ್ಮೆ ‘ಔರಾದ’ ಎಂದರೆ ಥಟ್ಟನೆ ತಲೆ ಎತ್ತುತ್ತಾನೆ. ಕೂಸಿಗೂ ಒಂದೇ ದನಿಯನ್ನು ಮತ್ತೆ ಮತ್ತೆ ಕೇಳಿಸಿ ನಡುವೆ ಬೇರೆ ದನಿ ಹಾಕುತ್ತಾರೆ. ತಲೆ ಎತ್ತಿತೋ ಇಲ್ಲವೋ ಎಂಬುದನ್ನು ಮೆದುಳಿನ ಅಲೆ ಹೇಳುತ್ತದೆ.

ಎರಡು ವರದಿಗಳಲ್ಲಿ ಯಾವುದು ಖರೆ? ಎರಡೂ ಖರೆ ಇರಬಹುದು. ಬೇಗ ಹುಟ್ಟಿದ ಕೂಸು 40 ವಾರ ಮುಟ್ಟುವ ಹೊತ್ತಿಗೆ ಎಷ್ಟೋ ವಾರ ಹೊರಗಿನ ಗಾಳಿಯಲ್ಲಿ ಮನುಷ್ಯರ ಮಾತು ಕೇಳಿರುತ್ತದೆ. ದಿನ ತುಂಬಿದ ಕೂಸಿಗೆ ಆ ಅನುಭವ ಇನ್ನೂ ಎರಡು ದಿನದ್ದು. ಹೊರಗಿನ ಮಾತು ಕೇಳಿದ್ದರಿಂದಲೇ ದನಿ ಗುರುತಿಸುವ ಶಕ್ತಿ ಚುರುಕಾಗಿರಬಹುದು ಎಂದು ಜಿನೀವಾದವರೇ ಸೂಚಿಸುತ್ತಾರೆ. ಆದರೆ ಯಾವ ಕೂಸು ಎಷ್ಟು ಮಾತು ಕೇಳಿತು? ಅವ್ವ ಪಕ್ಕದಲ್ಲಿದ್ದಳೋ ಇಲ್ಲವೋ? ಒಂದೊಂದು ಘಟಕದ ಪದ್ಧತಿ ಒಂದೊಂದು. ಅವ್ವ ಪಕ್ಕದಲ್ಲಿರುವ ಕೂಸಿನ ಲೆಕ್ಕವನ್ನು ಔರಾದದಲ್ಲಿ ಅವ್ವನನ್ನು ಬಿಟ್ಟು ಬಂದ ಕೂಸಿಗೆ ಹಚ್ಚಲಾಗದು. ಇದನ್ನು ಮರೆತು ‘ಬೇಗ ಹುಟ್ಟಿದ್ದು ಚಲೋ ಆತು, ಮೆದುಳು ಚುರುಕು’ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಅವಿವೇಕ. ಬೇಗ ಹುಟ್ಟಿದ ಮಕ್ಕಳಲ್ಲಿ ಮುಂದೆ ಮಾತು ತಡವಾಗುವುದು, ಓದಿನಲ್ಲಿ ಹಿಂದೆ ಬೀಳುವುದು ಹೆಚ್ಚು ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಎಲ್ಲರಿಗೂ ಆಗುತ್ತದೆಂದಲ್ಲ, ಅಪಾಯ ಹೆಚ್ಚು ಎಂದು.

ದನಿಯೂ ಒಂದು ಔಷಧ

ಹಾಗಾದರೆ ದನಿ ಕೊಟ್ಟರೆ ಪ್ರಯೋಜನ ಕಂಡಿದೆಯೇ? ಕಂಡಿದೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೈದ್ಯರು ಕೂಸಿನ ಮೈಮೇಲೆ ಪುಟ್ಟ ಧ್ವನಿಮುದ್ರಣ ಯಂತ್ರ ಕಟ್ಟಿ ಅದು ದಿನಕ್ಕೆ ಎಷ್ಟು ಮಾತು ಕೇಳುತ್ತದೆಂದು ಎಣಿಸಿದರು. ದೊಡ್ಡವರ ಮಾತು ಹೆಚ್ಚು ಕೇಳಿದ ಕೂಸುಗಳು ಒಂದೂವರೆ ವರ್ಷದ ವಯಸ್ಸಿನ ಭಾಷಾ ಪರೀಕ್ಷೆಯಲ್ಲಿ ಮುಂದಿದ್ದವು ಎಂದು 2014ರಲ್ಲಿ ಬರೆದರು. 2015ರಲ್ಲಿ ಬೋಸ್ಟನ್ನಿನವರು 40 ಕೂಸುಗಳಲ್ಲಿ ಕೆಲವಕ್ಕೆ ಅವ್ವನ ದನಿ ಮತ್ತು ಎದೆಬಡಿತದ ಮುದ್ರಣವನ್ನು ದಿನಕ್ಕೆ ಮೂರು ತಾಸು ಕೇಳಿಸಿದರು. ಹಾಗೆ ಕೇಳಿದ ಕೂಸುಗಳ ಮೆದುಳಿನಲ್ಲಿ ಕೇಳುವ ಭಾಗ ಹೆಚ್ಚು ದಪ್ಪವಾಗಿ ಬೆಳೆದಿತ್ತು. 2025ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಿಂದಲೂ ಇಂಥದೇ ಸುದ್ದಿ. 46 ಕೂಸುಗಳಲ್ಲಿ ಒಂದು ಗುಂಪಿಗೆ ಅವ್ವ ಓದಿದ ಮಕ್ಕಳ ಕತೆಯನ್ನು ಕೇಳಿಸಿದಾಗ ಮಾತಿಗೆ ಸಂಬಂಧಿಸಿದ ಎಡಮೆದುಳಿನ ನರದ ದಾರಿ ಹೆಚ್ಚು ಪಕ್ವವಾಗಿ ಕಂಡಿತು. ಇಟಲಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆಗೆ ಹಿಮ್ಮಡಿ ಚುಚ್ಚುವಾಗ ಅವ್ವ ಪಕ್ಕದಲ್ಲಿ ನಿಂತು ಮಾತಾಡಿದರೆ, ಹಾಡಿದರೆ ಕೂಸಿನ ನೋವಿನ ಲಕ್ಷಣಗಳೇ ಕಡಿಮೆಯಾದವು. ಅದು 2021ರ ವರದಿ.

ಇವೆಲ್ಲ ಚಿಕ್ಕ ಚಿಕ್ಕ ಪ್ರಯೋಗಗಳು. ನಲವತ್ತು ಕೂಸಿನ ಲೆಕ್ಕದಿಂದ ನಲವತ್ತು ಲಕ್ಷಕ್ಕೆ ತೀರ್ಪು ಕೊಡಲಾಗದು. ಕಿರಾಣಿ ಅಂಗಡಿಯವರಿಗೆ ಈ ಮಾತು ಬೇಗ ತಿಳಿಯುತ್ತದೆ. ಚೀಲದಿಂದ ಒಂದು ಹಿಡಿ ತೊಗರಿ ತೆಗೆದು ನೋಡಿದರೆ ಅಂದಾಜು ಸಿಗುತ್ತದೆಯೇ ಹೊರತು ಇಡೀ ಲಾರಿಯ ಮಾಲು ತೂಗಿದಂತಾಗದು. ಆದರೆ ಎಲ್ಲ ಹಿಡಿಯೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಖರ್ಚೂ ಇಲ್ಲ, ಕೆಡುಕೂ ಇಲ್ಲ. ಹೀಗಿರುವಾಗ ತಡ ಯಾಕೆ?

ಇಡೀ ಲಾರಿ ತೂಗಿದಂಥ ಲೆಕ್ಕವೂ ಒಂದಿದೆ. ಅದು ದನಿಯದಲ್ಲ, ಎದೆಗೊತ್ತಿ ಮಲಗಿಸುವುದರದು. ಎದೆಯ ಮೇಲೆ ಕೂಸಿದ್ದರೆ ದನಿ ತಾನಾಗಿಯೇ ಇರುತ್ತದಲ್ಲವೇ! 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಇಬ್ಬಿಬ್ಬರು ಕೂಸು ಮಲಗಿಸುವ ಸ್ಥಿತಿ ನೋಡಿ, ಕೂಸನ್ನು ತಾಯಿಯ ಬರಿಮೈಗೆ ಕಟ್ಟುವ ಪದ್ಧತಿ ಶುರು ಮಾಡಿದರು. ಕಾಂಗರೂ ಪ್ರಾಣಿಯ ಹೊಟ್ಟೆಚೀಲದಂತೆ ಎಂದು ಅದಕ್ಕೆ ‘ಕಾಂಗರೂ ಆರೈಕೆ’ ಎಂಬ ಹೆಸರು ಬಂತು. ಬಡತನದಿಂದ ಹುಟ್ಟಿದ ಉಪಾಯ ಈಗ ಶ್ರೀಮಂತ ದೇಶಗಳಲ್ಲೂ ನಡೆದಿದೆ.

2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ಐದು ದೇಶಗಳಲ್ಲಿ ನಡೆದದ್ದು. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿತ್ತು. 1 ಕಿಲೋದಿಂದ 1 ಕಿಲೋ 799 ಗ್ರಾಂವರೆಗಿನ ಕೂಸುಗಳನ್ನು ಹುಟ್ಟಿದ ಕೂಡಲೇ, ಸ್ಥಿರವಾಗುವವರೆಗೆ ಕಾಯದೆ, ತಾಯಿಯ ಎದೆಗೆ ಹಾಕಿದರು. ತಾಯಿಯ ಮಂಚವನ್ನೇ ಕೂಸಿನ ಘಟಕದೊಳಗೆ ತಂದರು. 28 ದಿನದೊಳಗೆ ತೀರಿಕೊಂಡ ಕೂಸುಗಳು ಹಳೆ ಪದ್ಧತಿಯಲ್ಲಿ ನೂರಕ್ಕೆ 15.7, ಹೊಸ ಪದ್ಧತಿಯಲ್ಲಿ 12. ಲಾಭ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿ ಎಲ್ಲರಿಗೂ ಇದನ್ನೇ ಮಾಡಿ ಎಂದರು.

ದೆಹಲಿ ಯಾಕೆ, ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರಕಾರಿ ಆಸ್ಪತ್ರೆಗಳ ಜತೆ ಸೇರಿ ಇಡೀ ಜಿಲ್ಲೆಗೆ ಕಾಂಗರೂ ಆರೈಕೆ ಹಬ್ಬಿಸುವ ಕೆಲಸ ಮಾಡಿದ್ದಾರೆ. 2 ಕಿಲೋಕ್ಕಿಂತ ಕಡಿಮೆ ತೂಕದ ಕೂಸುಗಳಿಗೆ ದಿನಕ್ಕೆ ಕನಿಷ್ಠ 8 ತಾಸು ಎಂಬುದು ಅಲ್ಲಿಯ ಅಳತೆಗೋಲು. ಅದರ ವರದಿಯೂ 2021ರದ್ದೇ. ಕೊಪ್ಪಳದ ರೈತಾಪಿ ಹೆಂಗಸರಿಗೆ ಆದದ್ದು ಬೀದರದವರಿಗೆ ಆಗದೇ?

ಬಾಗಿಲ ಹೊರಗಿನ ಅವ್ವ

ಈಗ ಮೂಲ ಮಾತಿಗೆ ಬರಬೇಕು. ಸರಕಾರದ ವ್ಯವಸ್ಥೆ ಹೀಗಿದೆ: ಜಿಲ್ಲಾ ಮಟ್ಟದಲ್ಲಿ ವಿಶೇಷ ನವಜಾತ ಶಿಶು ಘಟಕ, ತಾಲ್ಲೂಕು ಮಟ್ಟದಲ್ಲಿ ಕೂಸನ್ನು ಸ್ಥಿರಗೊಳಿಸುವ ಸಣ್ಣ ಘಟಕ, ಹೆರಿಗೆಯಾಗುವ ಪ್ರತಿ ಕಡೆ ಒಂದು ಬೆಚ್ಚನೆಯ ಮೂಲೆ. ಬೀದರದಲ್ಲಿ ದೊಡ್ಡ ಆಸರೆ ಬ್ರಿಮ್ಸ್ ಆಸ್ಪತ್ರೆ. ಅಂದಮೇಲೆ ಒಂದೂಕಾಲು ಕಿಲೋದ ಕೂಸು ತಾಲ್ಲೂಕಿನಿಂದ ಜಿಲ್ಲೆಗೆ ಬರಲೇಬೇಕು. ಅದರಲ್ಲಿ ತಪ್ಪಿಲ್ಲ, ಬಾರದಿದ್ದರೆ ಜೀವಕ್ಕೇ ಅಪಾಯ. ತೊಡಕು ಇರುವುದು ಕೂಸಿನ ಹಿಂದೆ ತಾಯಿ ಯಾವಾಗ ಬರುತ್ತಾಳೆ ಎಂಬುದರಲ್ಲಿ.

ಕೂಸಿನ ಜತೆ ತಾಯಿಯನ್ನೂ ಸಾಗಿಸಲು ಆಗುತ್ತದೋ ಎಂದು ಕೂಡಲೇ ಕೇಳುವವರು ಕಡಿಮೆ. ಹೊಲಿಗೆ ಬಿದ್ದ ತಾಯಿಯಾದರೂ ಸ್ಥಿತಿ ನೆಟ್ಟಗಿದ್ದರೆ ಗಾಡಿಯಲ್ಲಿ ಕರೆದೊಯ್ದು ಬೀದರದಲ್ಲೇ ಬಾಣಂತಿ ವಾರ್ಡಿನಲ್ಲಿ ಮಲಗಿಸಬಹುದೇ ಎಂದು ಡಾಕ್ಟರನ್ನು ಕೇಳಬೇಕು. ಅದಕ್ಕಿಂತ ಚಲೋದೆಂದರೆ ಬೇಗ ಹೆರಿಗೆಯಾಗುವ ಸೂಚನೆ ಕಂಡ ಕೂಡಲೇ ಬಸುರಿಯನ್ನೇ ದೊಡ್ಡ ಆಸ್ಪತ್ರೆಗೆ ಒಯ್ಯುವುದು. ಕೂಸಿಗೆ ಅವ್ವನ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇನ್ನೂ ಯಾರೂ ಕಟ್ಟಿಲ್ಲ.

ಬಂದ ಮೇಲೆ ಇನ್ನೊಂದು ಬಾಗಿಲು. ‘ಒಳಗ ಯಾರನ್ನೂ ಬಿಡಾಂಗಿಲ್ಲ, ಸೋಂಕು ಆಗ್ತದ’ ಎಂಬುದು ಎಲ್ಲ ಊರಿನ ಹಳೇ ಮಾತು. ಗಾಜಿನಾಚೆ ನಿಂತು ಕೂಸನ್ನು ನೋಡಿ ಕಣ್ಣೊರೆಸಿಕೊಂಡು ಹೋಗುವುದು ಒಂದು ಕಾಲದ ಪದ್ಧತಿ. ಆದರೆ ಕೇಂದ್ರ ಆರೋಗ್ಯ ಇಲಾಖೆಯೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೈ ತೊಳೆಯುವುದು, ಗೌನು ಹಾಕುವುದು, ಕೂಸನ್ನು ಮುಟ್ಟುವ ಕ್ರಮ, ಇವನ್ನು ಕಲಿಸಿ ತಂದೆ-ತಾಯಿಯನ್ನು ಘಟಕದೊಳಗೆ ಆರೈಕೆಗೆ ಸೇರಿಸಿಕೊಳ್ಳಬೇಕೆಂದು. ಅಂದರೆ ಒಳಗೆ ಬಿಡಿ ಎಂದು ಕೇಳುವುದು ಕಾಡಿಬೇಡುವ ಮಾತಲ್ಲ, ಕಾಗದದ ಮೇಲೆ ಇರುವ ಮಾತು. ‘ಸಿಸ್ಟರ್, ಕೈ ತೊಳಕೊಂಡು ಬರ್ತೀನ್ರಿ, ಕೂಸಿನ ಬಾಜೂಕ ಕೂಡ್ಲೇನ್ರಿ?’ ಎಂದು ಕೇಳಲು ಅಂಜಬೇಕಾಗಿಲ್ಲ. ಒಬ್ಬ ಸಿಸ್ಟರ್ ಎಷ್ಟೋ ಕೂಸು ನೋಡಬೇಕಾಗಿರುವಾಗ ಅವರಿಗೂ ಎರಡು ಕೈ ಹೆಚ್ಚಾದಂತೆ.

ಬಸ್ಸಿನ ಮಾತೂ ಇಲ್ಲಿ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ. ಭಾಲ್ಕಿಯಿಂದಾಗಲಿ ಔರಾದದಿಂದಾಗಲಿ ಚೇತರಿಸಿಕೊಂಡ ತಾಯಿ, ಅತ್ತೆ, ಅಕ್ಕ ದಿನಾ ಬಂದು ಹೋಗಲು ಕಿಸೆ ನೋಡಬೇಕಾಗಿಲ್ಲ. ಉಳಿದದ್ದು ರಾತ್ರಿ ಎಲ್ಲಿ ಮಲಗುವುದು ಎಂಬ ಪ್ರಶ್ನೆ. ಬಾಣಂತಿಗೆ ಕೂಸಿನ ಹತ್ತಿರ ಒಂದು ಮಂಚ, ಒಂದು ಬಿಸಿ ಊಟ, ಇಷ್ಟು ಸಿಕ್ಕರೆ ಜಿನೀವಾದ ಯಂತ್ರಕ್ಕಿಂತ ದೊಡ್ಡ ಉಪಕಾರ. ಗಂಜಿನ ದಾನಿಗಳು ಬೇಸಿಗೆಯಲ್ಲಿ ನೀರಿನ ಅರವಟಿಗೆ ಇಡುವುದು ಎಲ್ಲರಿಗೂ ಗೊತ್ತಿದೆ. ಅವರ ಕಣ್ಣು ಈ ಕಡೆಯೂ ಬೀಳಬಹುದು.

ಅಪ್ಪಂದಿರ ಸರದಿ ಎಂದಿತ್ತಲ್ಲ, ಇಲ್ಲಿದೆ. ತಾಯಿ ಬರುವವರೆಗೆ ಅಪ್ಪನ ಎದೆಯೂ ನಡೆಯುತ್ತದೆ. ರೋಡ್ ಐಲೆಂಡಿನವರು ಎಣಿಸಿದ್ದು ದೊಡ್ಡವರೆಲ್ಲರ ಮಾತನ್ನು. ಅಂಗಡಿ ಬಾಗಿಲು ತೆರೆಯಬೇಕು, ಗಿರಾಕಿ ಕಾಯುತ್ತಾರೆ, ಎಲ್ಲ ಸರಿ. ಬೆಳಿಗ್ಗೆ ಒಂದು ತಾಸು, ಸಂಜಿಗೆ ಒಂದು ತಾಸು ಅಂಗಿ ಬಿಚ್ಚಿ ಕೂಸನ್ನು ಎದೆಗವುಚಿಕೊಂಡು ‘ಏನಪಾ ರಾಜಾ, ಹೆಂಗಿದ್ದಿ?’ ಎಂದರೆ ಗಂಡಸುತನಕ್ಕೇನೂ ಊನವಿಲ್ಲ. ಏನು ಮಾತಾಡಬೇಕು ಎಂದು ತಿಳಿಯದಿದ್ದರೆ ತೊಗರಿಯ ಧಾರಣೆ ಹೇಳಿದರೂ ನಡೆದೀತು.

ಮೊಬೈಲಿನ ಬಗ್ಗೆ ಒಂದು ಎಚ್ಚರಿಕೆ. ‘ಅವ್ವನ ದನಿ ರೆಕಾರ್ಡ್ ಮಾಡಿ ಕೂಸಿನ ಕಿವಿ ಹತ್ರ ಇಟ್ರ ಆತು’ ಎಂದು ಯಾರೂ ತಾವಾಗಿ ಮಾಡಬಾರದು. ಬೋಸ್ಟನ್ನಿನವರು ಸದ್ದನ್ನು ಅಳೆದು ತೂಗಿ ಹಾಕಿದವರು. ಫೋನು ಪೆಟ್ಟಿಗೆಯೊಳಗೆ ಇಟ್ಟರೆ ಸದ್ದು ಗೋಡೆಗೆ ಬಡಿದು ಇನ್ನೂ ಜೋರಾಗುತ್ತದೆ. ಡಾಕ್ಟರರು ಒಪ್ಪಿ, ಅವರೇ ಇಟ್ಟರೆ ಮಾತ್ರ. ಬಾಯಿಂದ ಬರುವ ಮೆಲುದನಿಯ ಮಾತು, ಜೋಗುಳ ಸಾಕು. ಕೂಸು ಮುಖ ಕಿವುಚಿದರೆ, ಬೆರಳು ಅಗಲಿಸಿ ಕೈ ಚಾಚಿದರೆ ‘ಸಾಕು’ ಎಂದರ್ಥ. ಆಗ ಸುಮ್ಮನಾಗಬೇಕು.

ಇನ್ನೊಂದು ಹಳೆಯ ನಂಬಿಕೆ: ‘ಏಳು ತಿಂಗಳದ್ದು ಉಳೀತದ, ಎಂಟರದ್ದು ಉಳಿಯಂಗಿಲ್ಲ.’ ಇದು ತಲೆಕೆಳಗಾದ ಮಾತು. ಒಂದೊಂದು ವಾರ ಹೆಚ್ಚು ಹೊಟ್ಟೆಯಲ್ಲಿದ್ದಷ್ಟೂ ಕೂಸು ಉಳಿಯುವ ಆಸೆ ಹೆಚ್ಚು. ಎಂಟು ತಿಂಗಳ ಕೂಸನ್ನು ಕೈಬಿಟ್ಟವರು ಇದ್ದಾರೆಂದರೆ ಅದು ಈ ಮಾತಿನ ಪಾಪ.

ಮನೆಗೆ ಬಂದ ಮೇಲೆ

ದವಾಖಾನೆಯಿಂದ ಬಿಡುವ ದಿನ ಎಲ್ಲರಿಗೂ ಅವಸರ. ಬಸ್ಸು ತಪ್ಪುತ್ತದೆ ಎಂಬ ಗಡಿಬಿಡಿಯಲ್ಲಿ ಕಿವಿಯ ಪರೀಕ್ಷೆಯೊಂದು ಉಳಿದುಹೋಗಬಾರದು. ಬೇಗ ಹುಟ್ಟಿದ, ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ, ಕಾಮಾಲೆ ಜೋರಾಗಿದ್ದ, ಕೆಲವು ಬಗೆಯ ಇಂಜೆಕ್ಷನ್ ತೆಗೆದುಕೊಂಡ ಕೂಸುಗಳಿಗೆ ಕಿವುಡಿನ ಅಪಾಯ ಬೇರೆಯವಕ್ಕಿಂತ ಹೆಚ್ಚು. ಕಿವಿಗೇ ದನಿ ಮುಟ್ಟದಿದ್ದರೆ ಮೆದುಳು ಏನು ತಾನೇ ಸ್ಪಂದಿಸೀತು? ಘಟಕದಲ್ಲಿದ್ದ ಕೂಸಿಗೆ ಕಿವಿಯೊಳಗೆ ಪುಟ್ಟ ಬಿರಟೆ ಇಟ್ಟು ನೋಡುವ ಪರೀಕ್ಷೆ ಒಂದೇ ಸಾಲದು, ತಲೆಗೆ ತಂತಿ ಅಂಟಿಸಿ ನರದ ಓಟ ನೋಡುವ ‘ಬೇರಾ’ ಪರೀಕ್ಷೆಯೂ ಬೇಕು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಉಪಾಯ ಎಂಬುದು ಲೋಕವೆಲ್ಲ ಒಪ್ಪಿದ ಲೆಕ್ಕ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶಕ್ಕೇ ದೊಡ್ಡ ಮನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ಹುಟ್ಟು ಕಿವುಡಿನ ತಪಾಸಣೆ ಸೇರಿದೆ. ಕಣ್ಣಿನ ತಪಾಸಣೆಯೂ ಹಾಗೆಯೇ, ಡಾಕ್ಟರು ಹೇಳಿದ ದಿನಕ್ಕೆ ಮಾಡಿಸಲೇಬೇಕು. ಅದು ಬೇರೆಯೇ ಒಂದು ಕತೆ.

ಕಿವಿಗೆ ಬೆಚ್ಚನೆ ಎಣ್ಣೆ ಬಿಡುವುದು, ಅಜ್ಜಿಯರು ಕಿವಿ-ಮೂಗು ಊದುವುದು, ಎರಡೂ ಬೇಡ. ಬಾಣಂತಿ ಕೋಣೆಯ ಹೊಗೆಯೂ ಬೇಡ. ಅಜ್ಜಿಗೆ ಬೇರೆ ಕೆಲಸ ಬೇಕಾದಷ್ಟಿದೆ: ಹಾಡು ಅವಳಿಗೇ ಹೆಚ್ಚು ಬರುತ್ತದೆ.

ವಯಸ್ಸಿನ ಲೆಕ್ಕದಲ್ಲೂ ಒಂದು ಗುಟ್ಟಿದೆ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಹುಟ್ಟಿ ಆರು ತಿಂಗಳಾದಾಗ ನಾಲ್ಕು ತಿಂಗಳಿನದೆಂದೇ ಎಣಿಸಬೇಕು. ಪಕ್ಕದ ಮನೆಯ ಕೂಸು ದನಿ ಬಂದ ಕಡೆ ತಿರುಗುತ್ತದೆ, ಇದು ತಿರುಗುವುದಿಲ್ಲ ಎಂದು ಹೋಲಿಸಿ ತಾಯಿಯನ್ನು ಹಂಗಿಸುವವರಿಗೆ ಈ ಕಳೆಯುವ ಲೆಕ್ಕ ಹೇಳಿಕೊಡಬೇಕು. ಎರಡು ವರ್ಷದವರೆಗೆ ಹೀಗೆಯೇ ಕಳೆದು ನೋಡುವುದು ಪದ್ಧತಿ. ಹಾಗೆ ಕಳೆದ ಮೇಲೂ ನಾಲ್ಕೈದು ತಿಂಗಳಿಗೆ ದನಿಯತ್ತ ತಲೆ ತಿರುಗಿಸದಿದ್ದರೆ, ಚಪ್ಪಾಳೆಗೆ ಬೆಚ್ಚದಿದ್ದರೆ, ಒಂದು ವರ್ಷಕ್ಕೂ ‘ಅಮ್ಮಾ’ ‘ತಾತಾ’ ಎಂಬ ತೊದಲು ಇಲ್ಲದಿದ್ದರೆ ಕಾಯಬಾರದು. ಆಶಾ ಕಾರ್ಯಕರ್ತೆ ಮನೆಗೆ ಬರುವ 3, 7, 14, 21, 28, 42ನೆಯ ದಿನಗಳಲ್ಲಿ ಅವಳಿಗೆ ಕೂಸು ಬೇಗ ಹುಟ್ಟಿದ್ದೆಂದು ಹೇಳಿ ಚೀಟಿ ತೋರಿಸಬೇಕು. ಬಿಡುಗಡೆಯ ಚೀಟಿಯಲ್ಲಿ ಹುಟ್ಟಿದ ವಾರ, ತೂಕ, ಎಷ್ಟು ದಿನ ಘಟಕದಲ್ಲಿತ್ತು, ಯಾವ ಔಷಧಿ ಕೊಟ್ಟರು, ಕಿವಿಯ ಪರೀಕ್ಷೆ ಆಯಿತೋ ಇಲ್ಲವೋ, ಮತ್ತೆ ಯಾವ ದಿನ ಬರಬೇಕು, ಇಷ್ಟು ಬರೆದಿದೆಯೇ ಎಂದು ಹೊರಡುವ ಮುನ್ನ ಓದಿಸಿ ನೋಡಬೇಕು. ಆ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೇಷನ್ ಕಾರ್ಡಿನ ಜತೆಗೇ ಇಟ್ಟುಕೊಂಡರೆ ಮಳೆಗಾಲದ ಬಸ್ಸಿನಲ್ಲೂ ತೋಯುವುದಿಲ್ಲ.